ನಿಯೋಶೋ ಎಂಬ ಎಣ್ಣೆ ಹಡಗು

ನನ್ನ ಚಿಕ್ಕಪ್ಪ ಇಪ್ಪತ್ತು ವರ್ಷ ಟ್ಯಾಂಕರ್ ಲಾರಿ ಓಡಿಸಿದವರು. ಮಂಗಳೂರಿನಲ್ಲಿ ಲೋಡ್ ತುಂಬಿಸಿಕೊಂಡು, ಶಿರಾಡಿ ಘಾಟಿ ಹತ್ತಿ, ಹಾಸನದ ಕಡೆಯ ಬಂಕುಗಳಿಗೆ ಇಳಿಸಿ ಬರುವುದು ಅವರ ಕೆಲಸ. ಚಿಕ್ಕವರಿದ್ದಾಗ ನಾವು ಲೋಡ್ ತುಂಬಿದ ಲಾರಿ ಕಂಡರೆ ದೂರ ನಿಲ್ಲುತ್ತಿದ್ದೆವು. ಅವರು ನಗುತ್ತಿದ್ದರು. "ತುಂಬಿದ ಟ್ಯಾಂಕರ್‌ಗೆ ಅಲ್ಲ ಪುಟ್ಟಾ, ಖಾಲಿ ಟ್ಯಾಂಕರ್‌ಗೆ ಹೆದರಬೇಕು" ಅನ್ನುತ್ತಿದ್ದರು. ಪೆಟ್ರೋಲ್ ಇಳಿಸಿದ ಮೇಲೆ ಒಳಗೆ ಅದರ ಆವಿ ಉಳಿದಿರುತ್ತದೆ. ಗಾಳಿ ಜತೆ ಬೆರೆತ ಆ ಆವಿಗೆ ಒಂದು ಕಿಡಿ ಸಾಕು.

ಈ ಮಾತು ಮತ್ತೆ ನೆನಪಾದದ್ದು 1941ರ ಡಿಸೆಂಬರ್ 7ರ ಬೆಳಗಿನ ಬಗ್ಗೆ ಓದುತ್ತಿದ್ದಾಗ. ಹವಾಯಿಯ ಪರ್ಲ್ ಹಾರ್ಬರಿನಲ್ಲಿದ್ದ ಅಮೆರಿಕದ ನೌಕಾನೆಲೆಯ ಮೇಲೆ ಜಪಾನಿನ ವಿಮಾನಗಳು ದಾಳಿ ಮಾಡಿದ ಬೆಳಗು ಅದು. ಪರ್ಲ್ ಹಾರ್ಬರ್ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಅರಿಜೋನಾ, ಒಕ್ಲಹೋಮದಂಥ ದೊಡ್ಡ ಯುದ್ಧನೌಕೆಗಳು. ಬಂದರಿನ ನಡುವಿನ ಫೋರ್ಡ್ ದ್ವೀಪದ ಅಂಚಿಗೆ ಅವು ಸಾಲಾಗಿ ನಿಂತಿದ್ದವು. ಆ ಸಾಲಿನ ನಡುವೆ, ಒಂದು ಕಡೆ ಕ್ಯಾಲಿಫೋರ್ನಿಯಾ, ಇನ್ನೊಂದು ಕಡೆ ಮೇರಿಲ್ಯಾಂಡ್ ಮತ್ತು ಒಕ್ಲಹೋಮ, ಮಧ್ಯದಲ್ಲಿ ಒಂದು ಎಣ್ಣೆ ಹಡಗೂ ಇತ್ತು. ಹೆಸರು ನಿಯೋಶೋ. ಹಿಂದಿನ ದಿನವಷ್ಟೇ ಬಂದು, ದ್ವೀಪದ ಟ್ಯಾಂಕುಗಳಿಗೆ ವಿಮಾನದ ಪೆಟ್ರೋಲ್ ಇಳಿಸಿತ್ತು. ಮೇಲೆ ಬಾಂಬು ಬೀಳುತ್ತಿರುವಾಗ ಪೆಟ್ರೋಲ್ ಆವಿಯ ಟ್ಯಾಂಕುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು, ಪಕ್ಕದಲ್ಲೇ ಪೆಟ್ರೋಲ್ ಸಂಗ್ರಹ ಇಟ್ಟುಕೊಂಡು ನಿಂತ ಹಡಗು. ಚಿಕ್ಕಪ್ಪನ ಮಾತು ಗೊತ್ತಿದ್ದವರಿಗೆ ಓದುವಾಗಲೇ ಎದೆ ಝಲ್ ಅನ್ನುತ್ತದೆ.

ಹಡಗಿನ ಕಮಾಂಡರ್ ಜಾನ್ ಫಿಲಿಪ್ಸ್. ಹೊರಡಿ ಅಂತ ಯಾರೂ ಅವರಿಗೆ ಹೇಳಿ ಕಳಿಸಲಿಲ್ಲ, ಹೇಳುವ ಸ್ಥಿತಿಯಲ್ಲಿ ಯಾರೂ ಇರಲೂ ಇಲ್ಲ. ಇಂಥ ದೊಡ್ಡ ಹಡಗು ಕಟ್ಟೆ ಬಿಟ್ಟು ಹೊರಡಬೇಕಾದರೆ ಎಳೆಯಲು ಟಗ್ ದೋಣಿಗಳು ಬೇಕು. ಅವೂ ಇಲ್ಲ. ಒಕ್ಲಹೋಮ ಆಗಲೇ ಮಗುಚಿ ಬಿದ್ದಿತ್ತು. ಎಂಟೂಮುಕ್ಕಾಲರ ಹೊತ್ತಿಗೆ ನಿಯೋಶೋ ಹಿಂದಕ್ಕೆ ಸರಿಯಲು ಶುರು ಮಾಡಿತು. ತನ್ನ ಪುಟ್ಟ ಫಿರಂಗಿಗಳಿಂದ ವಿಮಾನಗಳ ಕಡೆ ಗುಂಡು ಹಾರಿಸುತ್ತಾ, ಮಗುಚಿದ ಹಡಗಿಗೆ ತಾಗದಂತೆ ಜಾಗ ಮಾಡಿಕೊಂಡು, ಬಂದರಿನ ಇನ್ನೊಂದು ಮೂಲೆಗೆ ಹೋಗಿ ನಿಂತಿತು. ಮೂವರಿಗೆ ಗಾಯ, ಅಷ್ಟೇ. ಫಿಲಿಪ್ಸ್‌ಗೆ ಆಮೇಲೆ ನೇವಿ ಕ್ರಾಸ್ ಪದಕ ಬಂತು.

ಜಪಾನಿನ ಪೈಲಟ್‌ಗಳಿಗೆ ಆವತ್ತು ಬೇಕಾಗಿದ್ದದ್ದು ಯುದ್ಧನೌಕೆಗಳು. ಎಣ್ಣೆ ಹಡಗಿನ ಮೇಲೆ ಬಾಂಬು ಯಾಕೆ ಹಾಳು ಮಾಡಬೇಕು? ದಡದ ಮೇಲೆ ಸುಮಾರು 45 ಲಕ್ಷ ಬ್ಯಾರೆಲ್ ಎಣ್ಣೆ ತುಂಬಿದ ಟ್ಯಾಂಕುಗಳು ಬಿಸಿಲಿಗೆ ಹೊಳೆಯುತ್ತಾ ನಿಂತಿದ್ದವು. ಅವನ್ನೂ ಮುಟ್ಟಲಿಲ್ಲ. ಅಮೆರಿಕ ಎಣ್ಣೆ ಕೊಡುವುದನ್ನು ನಿಲ್ಲಿಸಿತು ಅನ್ನುವುದು ಜಪಾನ್ ಯುದ್ಧಕ್ಕಿಳಿದ ಮುಖ್ಯ ಕಾರಣಗಳಲ್ಲಿ ಒಂದು. ಹಾಗೆ ಇಳಿದವರು ಎದುರಾಳಿಯ ಎಣ್ಣೆಯನ್ನೇ ಕಣ್ಣೆತ್ತಿ ನೋಡಲಿಲ್ಲ ಅನ್ನೋದು ನನಗೆ ಇವತ್ತಿಗೂ ಅರಗದ ವಿಷಯ.

ಎಣ್ಣೆ ಹಡಗಿನ ಬಗ್ಗೆ ಬರೀತಿದೀನಿ ಅಂದರೆ ನನ್ನ ಗೆಳೆಯರು ಬೇರೆಯೇ ಎಣ್ಣೆ ನೆನೆಸಿಕೊಂಡು ಕಣ್ಣು ಮಿಟುಕಿಸುತ್ತಾರೆ. ಇರಲಿ. ಈ ಹಡಗು ಎಷ್ಟು ದೊಡ್ಡದು ಅಂತ ಮೊದಲು ಹೇಳಿಬಿಡುತ್ತೇನೆ. ಉದ್ದ 553 ಅಡಿ. ಹಿಡಿಯುವ ಎಣ್ಣೆ ಹತ್ತಿರ ಹತ್ತಿರ 1,46,000 ಬ್ಯಾರೆಲ್. ಒಂದು ಬ್ಯಾರೆಲ್ ಅಂದರೆ 159 ಲೀಟರ್. ಚಿಕ್ಕಪ್ಪನ ಲಾರಿ ಹನ್ನೆರಡು ಸಾವಿರ ಲೀಟರಿನದು. ಲೆಕ್ಕ ಹಾಕಿದೆ: ಅಂಥ ಸಾವಿರದ ಒಂಬೈನೂರಕ್ಕೂ ಜಾಸ್ತಿ ಲಾರಿಗಳ ಲೋಡು ಒಂದೇ ಹಡಗಿನಲ್ಲಿ. ಅಷ್ಟು ಲಾರಿ ಶಿರಾಡಿಯಲ್ಲಿ ಸಾಲು ನಿಂತರೆ ಏನಾಗುತ್ತೆ ಅಂತ ಆ ದಾರಿಯಲ್ಲಿ ಓಡಾಡಿದವರಿಗೆ ಹೇಳಬೇಕಿಲ್ಲ.

ನ್ಯೂಜೆರ್ಸಿಯ ಕಿಯರ್ನಿ ಎಂಬಲ್ಲಿ ಕಟ್ಟಿದ ಹಡಗು ಇದು. 1938ರ ಜೂನ್‌ನಲ್ಲಿ ಕೆಲಸ ಶುರು, 1939ರ ಏಪ್ರಿಲ್‌ನಲ್ಲಿ ನೀರಿಗೆ, ಆಗಸ್ಟ್‌ನಲ್ಲಿ ನೌಕಾಪಡೆಗೆ. ಹೆಸರು ಕಾನ್ಸಾಸ್, ಒಕ್ಲಹೋಮ ರಾಜ್ಯಗಳಲ್ಲಿ ಹರಿಯುವ ಒಂದು ನದಿಯದು. ಅಮೆರಿಕದವರು ತಮ್ಮ ಎಣ್ಣೆ ಹಡಗುಗಳಿಗೆ ನದಿಗಳ ಹೆಸರಿಡುತ್ತಿದ್ದರು. ಸಿಮರಾನ್ ಎಂಬ ಮಾದರಿಯ ಹನ್ನೆರಡು ಹಡಗುಗಳಲ್ಲಿ ಇದೂ ಒಂದು. ಅವುಗಳ ವಿಶೇಷ ಅಂದರೆ ವೇಗ. 18 ನಾಟ್, ಅಂದರೆ ಗಂಟೆಗೆ ಸುಮಾರು 33 ಕಿಲೋಮೀಟರ್. ರಸ್ತೆಯಲ್ಲಿ ಇದು ಸೈಕಲ್‌ಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಆದರೆ ಆ ಕಾಲದ ಎಣ್ಣೆ ಹಡಗಿಗೆ ಅದು ಓಟವೇ. ವ್ಯಾಪಾರಕ್ಕೆ ಅಷ್ಟು ವೇಗ ಬೇಕಿರಲಿಲ್ಲ. ನಾಳೆ ಯುದ್ಧ ಬಂದರೆ ವಿಮಾನವಾಹಕ ನೌಕೆಗಳ ಜತೆ ಓಡಬೇಕಲ್ಲ ಅಂತ, ಹೆಚ್ಚಿನ ಎಂಜಿನ್‌ಗೆ ಆದ ಖರ್ಚನ್ನು ಅಮೆರಿಕ ಸರ್ಕಾರವೇ ಕೊಟ್ಟಿತ್ತು.

ಓಡುತ್ತಲೇ ಎಣ್ಣೆ ತುಂಬಿಸುವ ವಿದ್ಯೆಯ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮ ಕಲ್ಪನೆಯಲ್ಲಿ ಹಡಗು ಬಂದರಿಗೆ ಬಂದು ಎಣ್ಣೆ ತುಂಬಿಸಿಕೊಳ್ಳುತ್ತದೆ. ಪೆಸಿಫಿಕ್‌ನಲ್ಲಿ ಅದು ಆಗುವ ಮಾತಲ್ಲ, ಅಷ್ಟು ದೂರ. ಹಾಗಾಗಿ ಎಣ್ಣೆ ಹಡಗು ಮತ್ತು ಯುದ್ಧನೌಕೆ ನಡುಗಡಲಿನಲ್ಲಿ ಪಕ್ಕಪಕ್ಕ ಓಡುತ್ತವೆ. ಒಂದೇ ದಿಕ್ಕು, ಒಂದೇ ವೇಗ. ಎಣ್ಣೆ ಹಡಗಿನ, ಕ್ರೇನಿನ ತೋಳಿನಂಥ ಬೂಮ್‌ಗೆ ನೇತುಹಾಕಿದ ದಪ್ಪ ರಬ್ಬರ್ ಪೈಪು ಆಚೆ ಹಡಗಿಗೆ ದಾಟುತ್ತದೆ. ಗಂಟೆಗಟ್ಟಲೆ ಹಾಗೇ ಓಡಬೇಕು. ಎರಡು ಹಡಗುಗಳ ನಡುವಿನ ಸಂದಿಯಲ್ಲಿ ನೀರು ಜೋರಾಗಿ ಹರಿದು ಅವುಗಳನ್ನು ಒಂದಕ್ಕೊಂದು ಎಳೆಯುತ್ತದೆ. ಹೈವೇಯಲ್ಲಿ ದೊಡ್ಡ ಲಾರಿ ಪಕ್ಕದಲ್ಲಿ ಹಾದುಹೋದಾಗ ಬೈಕು ಆ ಕಡೆ ಸೆಳೆದ ಹಾಗಾಗುತ್ತೆ ಅಲ್ವಾ, ಹೆಚ್ಚುಕಮ್ಮಿ ಹಾಗೆ. ಚುಕ್ಕಾಣಿ ಹಿಡಿದವನು ಒಂದು ಗಳಿಗೆ ಮೈಮರೆತರೂ ಮುಗೀತು.

ಈ ವಿದ್ಯೆಯನ್ನು ಅಮೆರಿಕದ ನೌಕಾಪಡೆಗೆ ಕಲಿಸಿದವರಲ್ಲಿ ಒಬ್ಬರು ಚೆಸ್ಟರ್ ನಿಮಿಟ್ಜ್. 1917ರಲ್ಲಿ ಅವರು ಮೌಮೀ ಎಂಬ ಎಣ್ಣೆ ಹಡಗಿನಲ್ಲಿ ಕಮಾಂಡರ್ ನಂತರದ ಅಧಿಕಾರಿ. ಅಟ್ಲಾಂಟಿಕ್ ದಾಟುತ್ತಿದ್ದ, ಸಣ್ಣ ಗಾತ್ರದ ವೇಗದ ಯುದ್ಧನೌಕೆಗಳಾದ ಡೆಸ್ಟ್ರಾಯರ್‌ಗಳಿಗೆ ದಾರಿಯಲ್ಲೇ ಎಣ್ಣೆ ಹಾಕಿ ಕಳಿಸಿದ್ದರು. ಅದೇ ಮೌಮೀಯ ಡೀಸೆಲ್ ಎಂಜಿನ್ನಿನ ಗೇರಿಗೆ ಕೈಗವಸು ಸಿಕ್ಕಿ ಬೆರಳೊಂದನ್ನು ಕಳೆದುಕೊಂಡಿದ್ದರು. ನಿಯೋಶೋದ ಮುಂದಿನ ಕತೆ ನಡೆಯುವಾಗ ಪೆಸಿಫಿಕ್ ನೌಕಾಪಡೆಗೆಲ್ಲ ಅವರೇ ಮುಖ್ಯಸ್ಥರು. ಎಣ್ಣೆ ಹಡಗಿನ ಬೆಲೆ ಗೊತ್ತಿದ್ದ ಮನುಷ್ಯ.

ಇನ್ನು 1942ರ ಮೇ. ಜಪಾನಿನ ಪಡೆ ನ್ಯೂಗಿನಿಯ ಪೋರ್ಟ್ ಮೊರ್ಸ್‌ಬಿ ಹಿಡಿಯಲು ಹೊರಟಿದೆ. ಅದನ್ನು ತಡೆಯಲು ಆಸ್ಟ್ರೇಲಿಯಾದ ಈಶಾನ್ಯಕ್ಕಿರುವ ಕೋರಲ್ ಸಮುದ್ರಕ್ಕೆ ಅಮೆರಿಕದ ಲೆಕ್ಸಿಂಗ್‌ಟನ್, ಯಾರ್ಕ್‌ಟೌನ್ ಎಂಬ ಎರಡು ವಿಮಾನವಾಹಕಗಳು ಬಂದಿವೆ. ದಂಡನಾಯಕ ಫ್ರಾಂಕ್ ಜಾಕ್ ಫ್ಲೆಚರ್. ಮೇ 6ರಂದು ನಿಯೋಶೋ ಯಾರ್ಕ್‌ಟೌನಿಗೂ ಅಸ್ಟೋರಿಯಾ ಎಂಬ ಕ್ರೂಸರಿಗೂ (ಮಧ್ಯಮ ಗಾತ್ರದ ಯುದ್ಧನೌಕೆ) ಎಣ್ಣೆ ತುಂಬಿಸಿತು. ಕೆಲಸ ಮುಗೀತು, ಇನ್ನು ದಕ್ಷಿಣಕ್ಕೆ ಸರಿದು ಅಪಾಯದಿಂದ ದೂರ ಇರು ಅಂತ ಕಳಿಸಿದರು. ಜತೆಗೆ ಕಾವಲಿಗೆ ಸಿಮ್ಸ್ ಎಂಬ ಒಂದೇ ಒಂದು ಡೆಸ್ಟ್ರಾಯರ್.

ಮಾರನೇ ದಿನ, ಮೇ 7, ತಪ್ಪುಗಳ ಸಂತೆ.

ಬೆಳಿಗ್ಗೆ ಜಪಾನಿನ ಬೇಹು ವಿಮಾನವೊಂದು ದಕ್ಷಿಣದಲ್ಲಿ ಎರಡು ಹಡಗು ಕಂಡು ಸುದ್ದಿ ಕಳಿಸಿತು: ಒಂದು ವಿಮಾನವಾಹಕ, ಒಂದು ಕ್ರೂಸರ್. ಅದು ಕಂಡದ್ದು ನಿಯೋಶೋ ಮತ್ತು ಸಿಮ್ಸ್. ಮೇಲಿನಿಂದ ನೋಡಿದರೆ ಉದ್ದನೆಯ ಚಪ್ಪಟೆ ಹಡಗು, ಪಕ್ಕದಲ್ಲಿ ಕಾವಲು. ಹುಡುಕುತ್ತಿದ್ದದ್ದು ವಿಮಾನವಾಹಕ, ಕಣ್ಣಿಗೆ ಅದೇ ಕಂಡಿತು. ಶೋಕಾಕು, ಜುಇಕಾಕು ಎಂಬ ಎರಡು ದೊಡ್ಡ ವಿಮಾನವಾಹಕಗಳಿಂದ 78 ವಿಮಾನಗಳು ಎದ್ದವು. 36 ಡೈವ್ ಬಾಂಬರ್ (ಕೆಳಕ್ಕೆ ಧುಮುಕಿ ಬಾಂಬು ಹಾಕುವ ವಿಮಾನ), 24 ಟಾರ್ಪೆಡೊ ವಿಮಾನ, ಕಾವಲಿಗೆ 18 ಜೀರೋ ಯುದ್ಧವಿಮಾನ. ಕೈಯಲ್ಲಿದ್ದ ಬಲವೆಲ್ಲ ಒಂದು ಎಣ್ಣೆ ಹಡಗಿನ ಮೇಲೆ.

ಜಪಾನಿನವರು ಮಾತ್ರ ಎಡವಿದ್ದು ಅಂತಲ್ಲ. ಅದೇ ಹೊತ್ತಿಗೆ ಅಮೆರಿಕದ ಬೇಹು ವಿಮಾನವೂ ಎರಡು ವಿಮಾನವಾಹಕ ಕಂಡೆ ಅಂತ ಸುದ್ದಿ ಕಳಿಸಿತ್ತು. ಅಲ್ಲಿದ್ದದ್ದು ಕೆಲವು ಕ್ರೂಸರ್‌ಗಳು, ಸಂಕೇತ ಭಾಷೆಗೆ ಇಳಿಸುವಾಗ ಅದಲುಬದಲಾಗಿತ್ತು. ಫ್ಲೆಚರ್ ಕೂಡ ತಮ್ಮ ವಿಮಾನಗಳನ್ನೆಲ್ಲ ಅಲ್ಲಿಗೆ ಕಳಿಸಿಬಿಟ್ಟರು. ಅವರ ಅದೃಷ್ಟ, ದಾರಿಯಲ್ಲಿ ಶೋಹೋ ಎಂಬ ಸಣ್ಣ ವಿಮಾನವಾಹಕ ಸಿಕ್ಕಿತು, ಅದನ್ನು ಮುಳುಗಿಸಿ ಬಂದರು. ಮಧ್ಯಾಹ್ನ ಅಮೆರಿಕದ ಬಿ-17 ವಿಮಾನಗಳು ಹಡಗು ಗುಂಪೊಂದರ ಮೇಲೆ ಬಾಂಬು ಸುರಿದವು. ಅವು ಆಸ್ಟ್ರೇಲಿಯಾ ಮತ್ತು ಅಮೆರಿಕದ್ದೇ ಹಡಗುಗಳು. ಪುಣ್ಯಕ್ಕೆ ಒಂದೂ ತಾಗಲಿಲ್ಲ. ಸಂಜೆ ಕತ್ತಲಲ್ಲಿ ಜಪಾನಿನ ಕೆಲವು ವಿಮಾನಗಳು ತಮ್ಮದೇ ಹಡಗು ಅಂದುಕೊಂಡು ಅಮೆರಿಕದ ವಿಮಾನವಾಹಕದ ಮೇಲೆ ಇಳಿಯಲು ಸುತ್ತು ಹಾಕಿದವು. ಎರಡೂ ಕಡೆಯ ಹಡಗುಗಳು ಒಂದನ್ನೊಂದು ಕಣ್ಣಿಂದ ನೋಡದೆಯೇ ನಡೆದ ಮೊದಲ ನೌಕಾಯುದ್ಧ ಅಂತ ಇದನ್ನು ಕರೆಯುತ್ತಾರೆ. ನೋಡಿದಾಗಲೂ ಸರಿಯಾಗಿ ನೋಡಲಿಲ್ಲ ಅಂತ ನಾನು ಸೇರಿಸುತ್ತೇನೆ.

ನಿಯೋಶೋ ಕಡೆಗೆ ವಾಪಸ್ ಬರೋಣ. ಆ 78 ವಿಮಾನಗಳು ಬಂದು ನೋಡಿದರೆ ವಿಮಾನವಾಹಕ ಎಲ್ಲಿದೆ? ಒಂದು ಎಣ್ಣೆ ಹಡಗು. ಅವರು ನಂಬಲಿಲ್ಲ. ಆಸುಪಾಸಿನಲ್ಲಿ ಎಲ್ಲೋ ಇರಬೇಕು ಅಂತ ಹೆಚ್ಚುಕಮ್ಮಿ ಎರಡು ಗಂಟೆ ಹುಡುಕಿದರು. ಕೊನೆಗೆ ಟಾರ್ಪೆಡೊ ವಿಮಾನಗಳನ್ನು ವಾಪಸ್ ಕಳಿಸಿ, 36 ಡೈವ್ ಬಾಂಬರ್‌ಗಳು ಸಿಕ್ಕಿದ್ದನ್ನೇ ಹೊಡೆಯಲು ಇಳಿದವು. ಬರಿಗೈಲಿ ಹೋಗುವ ಬದಲು ಇದಾದರೂ ಆಗಲಿ ಅನ್ನುವ ಹಾಗೆ.

ಸಿಮ್ಸ್‌ಗೆ ಮೂರು ಬಾಂಬು ತಾಗಿದವು. ನಡು ಮುರಿದು ಮುಳುಗಿತು. ಅದರಲ್ಲಿದ್ದವರಲ್ಲಿ ಉಳಿದವರು ಹದಿನೈದರ ಆಸುಪಾಸು. ನಿಯೋಶೋಗೆ ಏಳು ಬಾಂಬು ನೇರ ಬಡಿದವು. ಪೆಟ್ಟು ತಿಂದ ಒಂದು ವಿಮಾನ ಡೆಕ್ಕಿನ ಮೇಲೇ ಬಂದು ಅಪ್ಪಳಿಸಿತು. ಅದರ ಪೆಟ್ರೋಲ್ ಉರಿಯುತ್ತಾ ಹರಿಯಿತು.

ಇಲ್ಲಿ ಆಸ್ಕರ್ ಪೀಟರ್ಸನ್ ಬಗ್ಗೆ ನಿಂತು ಹೇಳಬೇಕು. ಬಾಯ್ಲರ್‌ಗಳನ್ನು ನೋಡಿಕೊಳ್ಳುವ ಹಿರಿಯ ನಾವಿಕ. ರಿಪೇರಿ ತಂಡದ ಮುಖ್ಯಸ್ಥ. ಬಾಂಬು ಬಿದ್ದಾಗ ಅವನ ತಂಡದವರೆಲ್ಲ ಗಾಯಗೊಂಡು ಬಿದ್ದರು, ಅವನಿಗೂ ಜೋರು ಪೆಟ್ಟಾಗಿತ್ತು. ಹಬೆಯ ಪೈಪುಗಳ ವಾಲ್ವ್ ಮುಚ್ಚಬೇಕಿತ್ತು. ಒತ್ತಡದಲ್ಲಿರುವ ಹಬೆ ಅಂದರೆ ಅಡುಗೆಮನೆಯ ಕುಕ್ಕರಿನ ಸೀಟಿಯಲ್ಲ. ತಾಗಿದ ಕಡೆ ಚರ್ಮ ಉಳಿಯುವುದಿಲ್ಲ. ಕೈಜೋಡಿಸಲು ಯಾರೂ ಇರಲಿಲ್ಲ. ಅವನು ಒಬ್ಬನೇ ಹೋಗಿ ಒಂದೊಂದಾಗಿ ವಾಲ್ವ್ ತಿರುಗಿಸಿ ಮುಚ್ಚಿದ. ಇನ್ನಷ್ಟು ಸುಟ್ಟುಕೊಂಡ. ಮೇ 13ರಂದು ತೀರಿಕೊಂಡ. ಅಮೆರಿಕದ ಅತಿ ದೊಡ್ಡ ಶೌರ್ಯ ಪದಕ ಮೆಡಲ್ ಆಫ್ ಆನರ್ ಅವನಿಗೆ ಸಂದಿತು, ಆಮೇಲೆ ಒಂದು ಯುದ್ಧನೌಕೆಗೂ ಅವನ ಹೆಸರಿಟ್ಟರು.

ಡೆಕ್ಕಿನ ಮೇಲೆ ಇನ್ನೊಂದು ತಪ್ಪು ನಡೆಯಿತು. ಫಿಲಿಪ್ಸ್ ಕೊಟ್ಟ ಆದೇಶ, ಹಡಗು ಬಿಡಲು ಸಿದ್ಧರಾಗಿ, ಮುಂದಿನ ಮಾತಿಗೆ ಕಾಯಿರಿ ಅಂತ. ಬೆಂಕಿ, ಹೊಗೆ, ಕಿರುಚಾಟದ ನಡುವೆ ಅದು ಬಾಯಿಂದ ಬಾಯಿಗೆ ದಾಟಿತು. ದಾಟುವಾಗ 'ಸಿದ್ಧರಾಗಿ' ಉದುರಿಹೋಗಿ 'ಹಡಗು ಬಿಡಿ' ಮಾತ್ರ ಉಳಿಯಿತು. ಎಷ್ಟೋ ಜನ ಸಮುದ್ರಕ್ಕೆ ಹಾರಿದರು. ಕೆಲವರು ತೆಪ್ಪ ಹತ್ತಿದರು, ಕೆಲವರಿಗೆ ಏನೂ ಸಿಗಲಿಲ್ಲ. ಹಡಗು ಮಾತ್ರ ಮುಳುಗಲಿಲ್ಲ.

ಯಾಕೆ ಮುಳುಗಲಿಲ್ಲ ಅನ್ನೋದು ನನಗೆ ಈ ಕತೆಯಲ್ಲಿ ತುಂಬ ಹಿಡಿಸಿದ ಭಾಗ. ಎಣ್ಣೆ ಹಡಗಿನ ಒಳಗು ಜೇನುಗೂಡಿನ ಹಾಗೆ. ಒಂದರ ಪಕ್ಕ ಒಂದು ಟ್ಯಾಂಕು, ನಡುವೆ ಉಕ್ಕಿನ ಗೋಡೆ. ಒಂದು ಒಡೆದರೆ ನೀರು ಅಲ್ಲಿಗೇ ನಿಲ್ಲುತ್ತದೆ. ಹಿಂದಿನ ದಿನವಷ್ಟೇ ಎರಡು ಹಡಗುಗಳಿಗೆ ಎಣ್ಣೆ ಹಾಕಿದ್ದರಿಂದ ಒಳಗೆ ಖಾಲಿ ಜಾಗವೂ ಇತ್ತು, ಅದು ಗಾಳಿ ತುಂಬಿದ ಬುರುಡೆಯಂತೆ ಎತ್ತಿ ಹಿಡಿಯಿತು. ಖಾಲಿ ಟ್ಯಾಂಕಿನ ಬಗ್ಗೆ ಚಿಕ್ಕಪ್ಪ ಹೇಳಿದ್ದು ಬೆಂಕಿಯ ವಿಚಾರ. ನೀರಿನ ವಿಚಾರಕ್ಕೆ ಬಂದರೆ ಅದೇ ಖಾಲಿ ಟ್ಯಾಂಕು ಜೀವ ಉಳಿಸುತ್ತೆ.

ವಾಲಿಕೊಂಡ ಹಡಗಿನ ಮೇಲೆ ನೂರಕ್ಕೂ ಮಿಕ್ಕಿ ಜನ. ಎಂಜಿನ್ ಸತ್ತಿದೆ. ಅಲೆ, ಗಾಳಿ ಎಳೆದತ್ತ ಹೋಗುತ್ತಿದೆ. ಸುಟ್ಟ ಗಾಯದವರು ನರಳುತ್ತಿದ್ದಾರೆ. ಸಿಮ್ಸ್‌ನಿಂದ ಬದುಕಿ ಬಂದವರೂ ಒಂದು ದೋಣಿಯಲ್ಲಿ ಇಲ್ಲಿಗೇ ಸೇರಿದ್ದಾರೆ. ಹಡಗು ಇವತ್ತು ಮುಳುಗುತ್ತೋ ನಾಳೆಯೋ ಅಂತ ನೋಡುತ್ತಾ ನಾಲ್ಕು ದಿನ.

ಸಹಾಯ ಯಾಕೆ ಬರಲಿಲ್ಲ? ಇಲ್ಲಿದೆ ಆವತ್ತಿನ ಅತಿ ಕ್ರೂರ ತಪ್ಪು. ದಾಳಿಯ ಗಡಿಬಿಡಿಯಲ್ಲಿ ನಿಯೋಶೋ ತಾನಿರುವ ಜಾಗದ ಅಕ್ಷಾಂಶ, ರೇಖಾಂಶ ಲೆಕ್ಕ ಹಾಕಿ ರೇಡಿಯೊದಲ್ಲಿ ಹೇಳಿತ್ತು. ಲೆಕ್ಕ ತಪ್ಪಿತ್ತು. ಹುಡುಕಲು ಹೋದ ಡೆಸ್ಟ್ರಾಯರ್ ಆ ತಪ್ಪು ಜಾಗಕ್ಕೆ ಹೋಗಿ, ನೀರು ಬಿಟ್ಟು ಬೇರೇನೂ ಕಾಣದೆ ವಾಪಸಾಯಿತು. ಬೆಳಿಗ್ಗೆ ಜಪಾನಿನವರ ನಕ್ಷೆಯ ಮೇಲೆ ನಿಯೋಶೋ ಇದ್ದ ಜಾಗ ಸರಿ ಇತ್ತು, ಹೆಸರು ತಪ್ಪಿತ್ತು. ಸಂಜೆ ಅಮೆರಿಕದವರ ನಕ್ಷೆಯ ಮೇಲೆ ಹೆಸರು ಸರಿ ಇತ್ತು, ಜಾಗ ತಪ್ಪಿತ್ತು. ಕೊಲ್ಲಲು ಬಂದವರಿಗೆ ಸಿಕ್ಕ ಹಡಗು ಉಳಿಸಲು ಬಂದವರಿಗೆ ಸಿಗಲಿಲ್ಲ.

ಮೇ 10ರಂದು ಆಸ್ಟ್ರೇಲಿಯಾದ ವಿಮಾನವೊಂದು ಹಡಗನ್ನು ಕಂಡಿತು. ಮಾರನೇ ದಿನ ಹೆನ್ಲಿ ಎಂಬ ಡೆಸ್ಟ್ರಾಯರ್ ಬಂದು 123 ಜನರನ್ನು ಹತ್ತಿಸಿಕೊಂಡಿತು. ಆಮೇಲೆ ನಿಯೋಶೋವನ್ನು ತಾನೇ ಹೊಡೆದು ಮುಳುಗಿಸಿತು. ಎಳೆದುಕೊಂಡು ಹೋಗುವ ಸ್ಥಿತಿಯಲ್ಲಿ ಅದು ಇರಲಿಲ್ಲ.

ತೆಪ್ಪ ಹತ್ತಿದವರು? ಅವರು 68 ಜನ. ತೆಪ್ಪಗಳನ್ನು ಒಂದಕ್ಕೊಂದು ಹಗ್ಗದಲ್ಲಿ ಕಟ್ಟಿಕೊಂಡಿದ್ದರು. ಹಡಗಿನಿಂದ ದೂರ ದೂರ ತೇಲಿಹೋದರು. ಮೇ 16ಕ್ಕೆ, ಒಂಬತ್ತು ದಿನದ ಮೇಲೆ, ಹೆಲ್ಮ್ ಎಂಬ ಡೆಸ್ಟ್ರಾಯರ್‌ಗೆ ಅವರು ಸಿಕ್ಕಾಗ ಜೀವ ಇದ್ದದ್ದು ನಾಲ್ವರಲ್ಲಿ. ಅವರಲ್ಲೂ ಇಬ್ಬರು ಉಳಿಯಲಿಲ್ಲ. ಮೇ ತಿಂಗಳ ಕೋರಲ್ ಸಮುದ್ರದ ಬಿಸಿಲು, ಸುತ್ತ ಕುಡಿಯಲಾಗದ ನೀರು, ಪಕ್ಕದಲ್ಲಿದ್ದವರನ್ನು ಒಬ್ಬೊಬ್ಬರಾಗಿ ನೀರಿಗೆ ಬಿಡುತ್ತಾ ಹೋಗಬೇಕಾದ ಒಂಬತ್ತು ದಿನ. ಇದನ್ನು ಬರೆಯಲು ನನಗೆ ಇನ್ನೂ ಮಾತು ಬೇಕು ಅನಿಸುತ್ತೆ, ಬರುತ್ತಿಲ್ಲ.

ಯುದ್ಧದ ಲೆಕ್ಕಕ್ಕೆ ಬಂದರೆ, ಮೇ 7ರಂದು ಜಪಾನಿನ ಪೂರ್ತಿ ಬಲ ಈ ಎಣ್ಣೆ ಹಡಗಿನ ಮೇಲೆ ಖರ್ಚಾಗಿದ್ದರಿಂದ ಅಮೆರಿಕದ ಎರಡು ವಿಮಾನವಾಹಕಗಳಿಗೆ ಒಂದು ದಿನ ಸಿಕ್ಕಿತು. ಮೇ 8ರಂದು ಎರಡೂ ಕಡೆ ನಿಜವಾಗಿ ಬಡಿದಾಡಿದವು. ಲೆಕ್ಸಿಂಗ್‌ಟನ್ ಹೋಯಿತು, ಶೋಕಾಕು ಜಖಂ ಆಯಿತು, ಪೋರ್ಟ್ ಮೊರ್ಸ್‌ಬಿಗೆ ಹೊರಟ ಪಡೆ ವಾಪಸ್ ತಿರುಗಿತು. ಪೆಟ್ಟು ತಿಂದ ಯಾರ್ಕ್‌ಟೌನ್ ಪರ್ಲ್ ಹಾರ್ಬರಿಗೆ ಹೋಗಿ, ಮೂರೇ ದಿನದಲ್ಲಿ ರಿಪೇರಿ ಮಾಡಿಸಿಕೊಂಡು ಜೂನ್‌ನಲ್ಲಿ ಮಿಡ್‌ವೇ ಯುದ್ಧಕ್ಕೆ ಹೋಯಿತು. ಅದಕ್ಕೆ ಪರ್ಲ್ ಹಾರ್ಬರಿನಲ್ಲಿ ಎಣ್ಣೆ ಸಿಕ್ಕಿದ್ದು ಡಿಸೆಂಬರ್‌ನಲ್ಲಿ ಯಾರೂ ಮುಟ್ಟದೆ ಬಿಟ್ಟ ಟ್ಯಾಂಕುಗಳು ಇನ್ನೂ ನಿಂತಿದ್ದವಾದ್ದರಿಂದ. ನಿಯೋಶೋದ ಬಲಿಯೇ ಯುದ್ಧ ಗೆಲ್ಲಿಸಿತು ಅಂತ ಬರೆಯುವವರಿದ್ದಾರೆ. ನನಗೆ ಆ ಮಾತು ಹಿಡಿಸುವುದಿಲ್ಲ. ಬಲಿ ಅನ್ನಬೇಕಾದರೆ ಗೊತ್ತಿದ್ದು ಹೋಗಿರಬೇಕು. ಅವರು ಎಣ್ಣೆ ಹಾಕಿ, ಕೆಲಸ ಮುಗಿಸಿ, ದೂರ ಹೋಗುತ್ತಿದ್ದವರು. ಹೆದ್ದಾರಿ ಪಕ್ಕ ಲಾರಿ ನಿಲ್ಲಿಸಿ ಟೀ ಕುಡಿಯುತ್ತಿದ್ದವನ ಮೇಲೆ ಯಾರದೋ ಜಗಳದ ಕಲ್ಲು ಬಿದ್ದ ಹಾಗೆ.

ಒಂದು ವಿಚಿತ್ರ ಇದೆ. ಸಿಮರಾನ್ ಮಾದರಿಯ ಹನ್ನೆರಡು ಹಡಗುಗಳಲ್ಲಿ ನಾಲ್ಕನ್ನು ಅದೇ 1942ರಲ್ಲಿ ಅಮೆರಿಕದವರು ನಿಜವಾಗಿಯೂ ವಿಮಾನವಾಹಕ ಮಾಡಿದರು. ಸಂಗಮನ್, ಸುವಾನಿ, ಚೆನಾಂಗೋ, ಸ್ಯಾಂಟಿ. ಡೆಕ್ಕಿನ ಮೇಲೆ ಇನ್ನೊಂದು ಉದ್ದನೆಯ ಡೆಕ್ ಹೊದಿಸಿದರು, ವಿಮಾನ ಇಳಿಸಿದರು. ಹೊಟ್ಟೆಯಲ್ಲಿ ಎಣ್ಣೆ ಟ್ಯಾಂಕುಗಳು ಹಾಗೇ ಇದ್ದವು, ಬೇಕಾದಾಗ ಬೇರೆ ಹಡಗುಗಳಿಗೂ ಎಣ್ಣೆ ಹಾಕುತ್ತಿದ್ದವು. ಆ ಜಪಾನಿ ಬೇಹುಗಾರ ಕೆಲವು ತಿಂಗಳು ತಡವಾಗಿ, ನಿಯೋಶೋದ ಒಡಹುಟ್ಟಿದ ಹಡಗೊಂದನ್ನು ನೋಡಿದ್ದರೆ ಅವನ ವರದಿ ಸರಿಯಾಗಿರುತ್ತಿತ್ತು.

ಹೋದ ತಿಂಗಳು ಚಿಕ್ಕಪ್ಪ ಮನೆಗೆ ಬಂದಿದ್ದಾಗ ಫೋನಿನಲ್ಲಿ ನಿಯೋಶೋದ ಹಳೆಯ ಫೋಟೊ ತೋರಿಸಿದೆ. ಈಗ ಅವರಿಗೆ ಎಪ್ಪತ್ತರ ಹತ್ತಿರ. ಕನ್ನಡಕ ಹಣೆಗೆ ಏರಿಸಿ, ಫೋನನ್ನು ಮೂಗಿನ ಹತ್ತಿರ ಹಿಡಿದರು. ಇದನ್ನು ನೋಡಿ ಜಪಾನಿನವರು ವಿಮಾನ ಇಳಿಯುವ ಹಡಗು ಅಂದುಕೊಂಡರಂತೆ ಅಂದೆ. ಅವರು ಅದನ್ನು ಕಿವಿಗೇ ಹಾಕಿಕೊಂಡಂತೆ ಕಾಣಲಿಲ್ಲ. ಬೆರಳಲ್ಲಿ ಫೋಟೊ ದೊಡ್ಡದು ಮಾಡಿ, ಡೆಕ್ಕಿನ ನಡುವೆ ನಿಂತಿದ್ದ ಕಂಬಗಳ ಕಡೆ ತೋರಿಸಿದರು.

"ಇದು ಪೈಪ್ ಎತ್ತೋದಲ್ವಾ? ಮತ್ತೆ ಇಲ್ಲಿ ನೋಡು, ಈ ಮುಚ್ಚಳ. ಇಲ್ಲಿಂದ್ಲೇ ಡಿಪ್ ಹಾಕಿ ನೋಡ್ತಿದ್ರು ಅನ್ಸುತ್ತೆ, ಎಷ್ಟಿದೆ ಅಂತ."